ಗಿಟಾರಿನ ದನಿಯೂ ಕಾಗದದ ಶಂಕುವೂ

ವಿದ್ಯುತ್ ಗಿಟಾರಿನ ದನಿ ಹಿತವಾಗದಿದ್ದರೆ ನುಡಿಸುವವರು ಸಾಮಾನ್ಯವಾಗಿ ಆಂಪ್ಲಿಫಯರನ್ನು ದೂರುತ್ತಾರೆ. ದೋಷವು ಪೆಟ್ಟಿಗೆಯೊಳಗಿನ ಸ್ಪೀಕರಿನದಾಗಿರುವುದೂ ಉಂಟು.

ಸ್ಪೀಕರಿನಲ್ಲಿ ಅಯಸ್ಕಾಂತದ ನಡುವೆ ಇರುವ ತಂತಿಯ ಸುರುಳಿಯು ಕಾಗದದ ಶಂಕುವೊಂದನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತದೆಯಷ್ಟೆ. ರೇಡಿಯೋವಿನ ಸ್ಪೀಕರು ಎಲ್ಲ ಸ್ವರಗಳನ್ನೂ ಇದ್ದಂತೆಯೇ ಒಪ್ಪಿಸಬೇಕು. ಗಿಟಾರಿನದಕ್ಕೆ ಆ ಕಟ್ಟುಪಾಡಿಲ್ಲ. ಕಂಪನಗಳು ಸೆಕೆಂಡಿಗೆ ಸುಮಾರು 5,000ವನ್ನು ಮೀರಿದೊಡನೆ ಅದರ ದನಿ ಬೇಗನೆ ಕುಗ್ಗುತ್ತದೆ. ಆಂಪ್ಲಿಫಯರಿನಲ್ಲಿ ವಿಕಾರಗೊಂಡ ತರಂಗದ ಕರ್ಕಶಾಂಶವು ಅಲ್ಲಿಯೇ ಸೋಸಿಹೋಗುತ್ತದೆ. ಶಂಕುವಿನ ದಪ್ಪ, ಆಕಾರ, ಅಂಚಿನ ಮಡಿಕೆ ಬೇರೆಯಾದರೆ ಸೋಸುವ ಬಗೆಯೂ ಬೇರೆ. ಆದುದರಿಂದ ಈ ಸ್ಪೀಕರನ್ನು ವಾದ್ಯದ ಅಂಗವೆಂದೇ ನಾವು ಎಣಿಸುತ್ತೇವೆ.

ದನಿಯ ಗಾತ್ರದಲ್ಲಿಯೂ ಲಾಭವುಂಟು. 97 ಡೆಸಿಬೆಲ್ ದಕ್ಷತೆಯ ಸ್ಪೀಕರಿನ ಸ್ಥಾನದಲ್ಲಿ 100 ಡೆಸಿಬೆಲಿನದನ್ನು ಇರಿಸಿದರೆ, ಆಂಪ್ಲಿಫಯರಿನ ಶಕ್ತಿಯನ್ನು ಇಮ್ಮಡಿಸಿದಂತೆಯೇ ಸರಿ. ಆದರೆ ಓಮುಗಳೂ ವಾಟುಗಳೂ ಹೊಂದಬೇಕು. ಇಂಗ್ಲೆಂಡಿನ ಪ್ರಸಿದ್ಧ ಸೆಲೆಶ್ಚನ್ ಬ್ಲೂ 100 ಡೆಸಿಬೆಲಿನದಾದರೂ ತಾಳುವುದು 15 ವಾಟು ಮಾತ್ರ. 50 ವಾಟಿಗೆ ಕಟ್ಟಿದರೆ ಸುರುಳಿ ಸುಟ್ಟೀತು.

ನಮ್ಮ ವಿದ್ಯಾರ್ಥಿಯೊಬ್ಬನು ಪೆಟ್ಟಿಗೆಯ ಎರಡು ಸ್ಪೀಕರುಗಳಲ್ಲಿ ಒಂದನ್ನು ಬದಲಿಸಿದನು. ಮಂದ್ರಸ್ವರಗಳೇ ಮಾಯವಾದುವು! ಹೊಸದನ್ನು ಮಾರಿಬಿಡಲು ಹೊರಟಿದ್ದವನನ್ನು ತಡೆದು, ಪೆಟ್ಟಿಗೆಯನ್ನು ಆಂಪ್ಲಿಫಯರಿನಿಂದ ಬಿಡಿಸಿ, ಅದರ ತಂತಿಗೆ 1.5 ವೋಲ್ಟಿನ ಟಾರ್ಚ್ ಸೆಲ್ಲನ್ನು ಕ್ಷಣಕಾಲ ಮುಟ್ಟಿಸಿ ನೋಡಿದೆವು. ಒಂದು ಶಂಕು ಮುಂದೆ ಬಂದಿತು, ಇನ್ನೊಂದು ಹಿಂದೆ ಸರಿಯಿತು. ಒಂದು ಗಾಳಿಯನ್ನು ಒತ್ತುವಾಗ ಮತ್ತೊಂದು ಸೆಳೆಯುತ್ತಿದ್ದರೆ ಮಂದ್ರ ಉಳಿಯುವುದೆಂತು? ಹೊಸ ಸ್ಪೀಕರಿನ ಎರಡು ತಂತಿಗಳನ್ನು ಅದಲುಬದಲು ಮಾಡಿದೆವು. ಅವನು ಅಂದೇ ಸಂಜೆಯವರೆಗೂ ನುಡಿಸುತ್ತ ಕುಳಿತನು.