ರಾಸು ಕಟ್ಟುವ ಮನೆ ಕೊಳ್ಳುವ ಮುನ್ನ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ರಾಸು ಕಟ್ಟುವುದಕ್ಕೆಂದು ಮನೆ ಕೊಂಡು ನೋಡು ಎಂಬುದನ್ನೂ ಅವರು ಸೇರಿಸಬಹುದಾಗಿತ್ತು. ಆದರೆ ಆ ಕಾಲದಲ್ಲಿ ಹಳ್ಳಿಯಲ್ಲಿ ಮನೆ ಕೊಳ್ಳುವವರೇ ಅಪರೂಪ. ತಾತ ಕಟ್ಟಿದ ಮನೆ, ಅದರೊಳಗೇ ಕೊಟ್ಟಿಗೆ, ಹಿತ್ತಲಲ್ಲಿ ತಿಪ್ಪೆ, ಕಣದಲ್ಲಿ ಬಣವೆ. ಇಷ್ಟರಲ್ಲಿ ಜೀವನ ಸಾಗುತ್ತಿತ್ತು.

ಈಗ ಹಾಗಿಲ್ಲ. ಅಣ್ಣತಮ್ಮಂದಿರು ಭಾಗವಾದಾಗ ಒಬ್ಬರ ಪಾಲಿಗೆ ಮನೆ, ಇನ್ನೊಬ್ಬರ ಪಾಲಿಗೆ ಹಣ ಬರುತ್ತದೆ. ಊರೊಳಗಿನ ಕೊಟ್ಟಿಗೆಯ ಗಂಜಲ ಪಕ್ಕದವರ ಅಂಗಳಕ್ಕೆ ಹರಿದು ಮಾತಿಗೆ ಮಾತು ಬೆಳೆಯುತ್ತದೆ. ಪಟ್ಟಣದ ಕೆಲಸ ಬಿಟ್ಟು ಬಂದ ಮಗ ನಾಲ್ಕು ಹಸು ಕಟ್ಟುತ್ತೇನೆ ಎನ್ನುತ್ತಾನೆ. ಹೀಗೆ ಊರ ಹೊರಗೆ ಒಂದು ಮನೆ, ಅದರ ಸುತ್ತ ಅರ್ಧ ಎಕರೆಯೋ ಒಂದು ಎಕರೆಯೋ ಹುಡುಕುವ ಸದಸ್ಯರು ಹೆಚ್ಚಾಗಿದ್ದಾರೆ. ಅವರು ಹಾಕುವ ಹಣ ಬಹುಪಾಲು ಒಂದು ತಲೆಮಾರಿನ ಉಳಿತಾಯ. ಆದುದರಿಂದ ಮುಂಗಡ ಕೊಡುವ ಮುನ್ನ ನೋಡಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಮನೆಗಿಂತ ನೀರು ಮೊದಲು

ಮನೆ ನೋಡಲು ಹೋದವರು ಗೋಡೆ, ಬಾಗಿಲು, ಹೆಂಚು ನೋಡುತ್ತಾರೆ. ಗೋಡೆ ಬಿರುಕು ಬಿಟ್ಟಿದ್ದರೆ ಸಿಮೆಂಟು ಹಾಕಿ ಸರಿಮಾಡಬಹುದು. ನೀರಿಲ್ಲದಿದ್ದರೆ ಏನು ಹಾಕಿದರೂ ಬರುವುದಿಲ್ಲ. ಆದ್ದರಿಂದ ಲೆಕ್ಕವನ್ನು ನೀರಿನಿಂದಲೇ ಆರಂಭಿಸಬೇಕು.

ದಿನಕ್ಕೆ 10-12 ಲೀಟರ್ ಹಾಲು ಕೊಡುವ ಮಿಶ್ರತಳಿ ಹಸು ಕುಡಿಯುವುದು ಸುಮಾರು 60-70 ಲೀಟರ್ ನೀರು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಮೈ ತೊಳೆಯಲು, ಕೊಟ್ಟಿಗೆ ತೊಳೆಯಲು ಸೇರಿಸಿದರೆ ಒಂದು ಹಸುವಿಗೆ 100 ಲೀಟರ್ ಎಂದಿಟ್ಟುಕೊಳ್ಳಿ. ನಾಲ್ಕು ಹಸು, ಕರುಗಳು, ಮನೆಮಂದಿ ಎಲ್ಲ ಸೇರಿ 600 ಲೀಟರ್. ಇಷ್ಟು ನೀರು ಯಾವ ಬಾವಿಯಲ್ಲಾದರೂ ಸಿಗುತ್ತದಲ್ಲ ಎನ್ನಿಸುತ್ತದೆ. ಲೆಕ್ಕ ತಪ್ಪುವುದು ಇಲ್ಲಿಯೇ. ಹಸು ಕುಡಿಯುವ ನೀರಿಗಿಂತ ಹಸುವಿನ ಮೇವು ಕುಡಿಯುವ ನೀರು ಹಲವು ಪಟ್ಟು ಹೆಚ್ಚು.

ಒಂದು ಎಕರೆ ಭೂಮಿಯ ಮೇಲೆ ಒಂದು ಇಂಚಿನಷ್ಟು ನೀರು ನಿಲ್ಲಿಸಲು ಸುಮಾರು 1 ಲಕ್ಷ ಲೀಟರ್ ಬೇಕು. ಅರ್ಧ ಎಕರೆ ನೇಪಿಯರ್ ಹುಲ್ಲಿಗೆ ಹತ್ತು ದಿನಕ್ಕೊಮ್ಮೆ ಇಷ್ಟು ನೀರು ಕೊಟ್ಟರೂ ದಿನವಹಿ 5,000 ಲೀಟರ್ ಆಯಿತು. ಅಂದರೆ ಮನೆ, ಕೊಟ್ಟಿಗೆ, ಮೇವು ಎಲ್ಲಕ್ಕೂ ಸೇರಿ ದಿನಕ್ಕೆ 5,600 ಲೀಟರ್ ಬೇಕು.

ಮಾರುವವರು ಕೊಳವೆಬಾವಿಯಲ್ಲಿ ಎರಡು ಇಂಚು ನೀರಿದೆ ಎನ್ನುತ್ತಾರೆ. ಇಂಚಿನ ಮಾತು ಬಿಟ್ಟು 200 ಲೀಟರಿನ ಡ್ರಮ್ಮು ಇಟ್ಟು ಗಡಿಯಾರ ನೋಡಿ. ಡ್ರಮ್ಮು 4 ನಿಮಿಷದಲ್ಲಿ ತುಂಬಿದರೆ ಗಂಟೆಗೆ 3,000 ಲೀಟರ್. ಎರಡು ಗಂಟೆ ಕರೆಂಟು ಇದ್ದರೆ ಸಾಕು. 12 ನಿಮಿಷ ಬೇಕಾದರೆ ಗಂಟೆಗೆ 1,000 ಲೀಟರ್ ಮಾತ್ರ; ಸುಮಾರು ಆರು ಗಂಟೆ ಮೋಟಾರು ಓಡಬೇಕು. 20 ನಿಮಿಷವಾದರೆ ಏಳು ಗಂಟೆ ಮೂರು ಫೇಸ್ ಕರೆಂಟು ಸಿಕ್ಕಿದರೂ ಬರುವುದು 4,200 ಲೀಟರ್. ಆ ಜಾಗ ನಾಲ್ಕು ಹಸುವಿನದಲ್ಲ. ಪರೀಕ್ಷೆಯನ್ನು ಮೋಟಾರು ಹಾಕಿದ ಕೂಡಲೇ ಮಾಡಬಾರದು. ರಾತ್ರಿಯಿಡೀ ನಿಂತ ನೀರು ಮೊದಲ ಅರ್ಧ ಗಂಟೆ ಜೋರಾಗಿಯೇ ಬರುತ್ತದೆ. ಮೂರು ನಾಲ್ಕು ಗಂಟೆ ಓಡಿಸಿದ ಮೇಲೆ ಡ್ರಮ್ಮು ಇಡಬೇಕು.

ನಮ್ಮ ಬಯಲುಸೀಮೆಯಲ್ಲಿ ಕಾರ್ತಿಕದಲ್ಲಿ ನೋಡಿದ ಜಾಗವೇ ಬೇರೆ, ಚೈತ್ರ-ವೈಶಾಖದಲ್ಲಿ ನೋಡಿದ ಜಾಗವೇ ಬೇರೆ. ಕೆರೆ ತುಂಬಿದಾಗ ಕೆರೆಯ ಕೆಳಗಿನ ಬಾವಿಗಳೆಲ್ಲ ಒಳ್ಳೆಯ ಬಾವಿಗಳೇ. ಸಾಧ್ಯವಿದ್ದಷ್ಟೂ ಏಪ್ರಿಲ್ ತಿಂಗಳಿನಲ್ಲಿ ಒಮ್ಮೆ ನೋಡದೆ ಮಾತು ಮುಗಿಸಬೇಡಿ.

ನೀರಿನ ಗುಣವೂ ಮುಖ್ಯ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಆಳದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಂಶ ಇರುವುದುಂಟು. ಮನುಷ್ಯರು ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಪ್ರಯೋಗಾಲಯಕ್ಕೆ ಒಂದು ಬಾಟಲಿ ನೀರು ಕಳಿಸುವುದು ಸರಿಯಾದ ಕ್ರಮ. ಅದಕ್ಕೂ ಮುಂಚೆ ಪಕ್ಕದ ಮನೆಗಳ ವಯಸ್ಸಾದ ರಾಸುಗಳ ಬಾಯಿ ತೆರೆಸಿ ನೋಡಿ. ಮುಂದಿನ ಹಲ್ಲುಗಳ ಮೇಲೆ ಕಂದು ಕಲೆ, ಗುಳಿ ಕಂಡರೆ, ರಾಸು ಕಾಲೆಳೆದು ಕುಂಟುತ್ತಿದ್ದರೆ ಎಚ್ಚರ ವಹಿಸಿ.

ಹಾಲಿನ ಪಾಸ್‌ಬುಕ್ಕು ನೋಡಿ

ಮಾರುವವರು ಹಿಂದೆ ಹಸು ಸಾಕಿದ್ದವರಾದರೆ ನಿಮಗೊಂದು ಅನುಕೂಲವಿದೆ. "ಈ ಜಾಗದಲ್ಲಿ ಆರು ಹಸು ಕಟ್ಟಿದ್ದೆವು" ಎಂಬ ಮಾತಿಗೆ ಸಾಕ್ಷಿ ಅವರ ಸಂಘದ ಪಾಸ್‌ಬುಕ್ಕಿನಲ್ಲಿಯೇ ಇರುತ್ತದೆ. ಅದನ್ನು ತೋರಿಸುವಂತೆ ವಿನಯದಿಂದ ಕೇಳಿ. ನವೆಂಬರಿನಲ್ಲಿ ಎಷ್ಟು ಲೀಟರ್ ಹಾಕಿದ್ದಾರೆ ಎನ್ನುವುದಕ್ಕಿಂತ ಏಪ್ರಿಲ್, ಮೇ ತಿಂಗಳಲ್ಲಿ ಎಷ್ಟು ಹಾಕಿದ್ದಾರೆ ನೋಡಿ. ಒಂದೆರಡು ವರ್ಷದ ಬೇಸಿಗೆಯಲ್ಲಿ ಹಾಲು ಮೂರನೇ ಒಂದು ಭಾಗಕ್ಕೆ ಇಳಿದಿದ್ದರೆ ಹಸು ಬತ್ತಿದ್ದೂ ಇರಬಹುದು, ಬಾವಿ ಬತ್ತಿದ್ದೂ ಇರಬಹುದು. ಪ್ರತಿ ಬೇಸಿಗೆಯಲ್ಲೂ ಹೀಗೆಯೇ ಆಗಿದ್ದರೆ ಬತ್ತಿದ್ದು ಬಾವಿಯೇ ಎಂದು ತಿಳಿಯಬಹುದು. ನೀರಿನ ಬಗ್ಗೆ ಇಷ್ಟು ಪ್ರಾಮಾಣಿಕವಾಗಿ ಮಾತನಾಡುವ ದಾಖಲೆ ತಾಲ್ಲೂಕು ಕಚೇರಿಯಲ್ಲಿಯೂ ಸಿಗಲಾರದು.

ಮೇವು, ಬಣವೆ, ತಿಪ್ಪೆ

ಹಸುವೊಂದಕ್ಕೆ ದಿನಕ್ಕೆ 25 ಕಿಲೋ ಹಸಿರು ಮೇವು ಎಂದರೆ ನಾಲ್ಕು ಹಸುವಿಗೆ ವರ್ಷಕ್ಕೆ 36 ಟನ್ನಿಗೂ ಮೇಲೆ. ಸಂಶೋಧನಾ ಕೇಂದ್ರಗಳು ಹೈಬ್ರಿಡ್ ನೇಪಿಯರ್‌ಗೆ ಹೇಳುವ ಇಳುವರಿಯ ಅರ್ಧದಷ್ಟೇ ನಮ್ಮ ಹೊಲದಲ್ಲಿ ಬರುತ್ತದೆಂದು ಹಿಡಿದರೂ, ನೀರಿದ್ದರೆ ಅರ್ಧ ಎಕರೆ ಸಾಕಾಗುತ್ತದೆ. ಅಲಸಂದೆ, ಕುದುರೆ ಮಸಾಲೆಗೆ ಇನ್ನೊಂದಿಷ್ಟು ಜಾಗ ಬೇಕು. ಒಣಮೇವು ದಿನಕ್ಕೆ ಐದು ಕಿಲೋ ಎಂದರೂ ವರ್ಷಕ್ಕೆ ಏಳು ಟನ್ ರಾಗಿ ಹುಲ್ಲು ಬೇಕು. ಇದನ್ನು ಸುಗ್ಗಿಯಲ್ಲಿಯೇ ಕೊಂಡು ಬಣವೆ ಒಟ್ಟಬೇಕಾಗುತ್ತದೆ. ಬಣವೆಗೆ ಮನೆಯಿಂದ ದೂರ, ವಿದ್ಯುತ್ ತಂತಿಯಿಂದ ಇನ್ನೂ ದೂರ ಜಾಗವಿದೆಯೇ ನೋಡಿ. ತಂತಿಯ ಕೆಳಗೆ ಬಣವೆ ಹಾಕಿ ವರ್ಷದ ಮೇವನ್ನು ಒಂದು ಕಿಡಿಗೆ ಕೊಟ್ಟವರು ಪ್ರತಿ ಹೋಬಳಿಯಲ್ಲೂ ಸಿಗುತ್ತಾರೆ.

ಊರಿನಲ್ಲಿ ಗೋಮಾಳ ಇದೆ ಎಂಬ ಭರವಸೆಯ ಮೇಲೆ ಜಾಗ ಕೊಳ್ಳಬೇಡಿ. 100 ರಾಸುಗಳಿಗೆ 12 ಹೆಕ್ಟೇರ್, ಅಂದರೆ 30 ಎಕರೆ ಗೋಮಾಳ ಇರಬೇಕೆಂದು ಭೂಕಂದಾಯ ನಿಯಮಗಳು ಹೇಳುತ್ತವೆ. ಕಾಗದದಲ್ಲಿ ಇರುವ ಗೋಮಾಳ ನೆಲದ ಮೇಲೆ ಎಷ್ಟು ಉಳಿದಿದೆ ಎಂಬುದನ್ನು ನಿಮ್ಮ ಊರಿನಲ್ಲಿಯೇ ನೋಡಿದ್ದೀರಿ.

ಕೊಟ್ಟಿಗೆಗೆ ಒಂದು ಹಸುವಿಗೆ ಸೂರಿನಡಿ 3.5 ಚದರ ಮೀಟರ್, ಅಂದರೆ ಸುಮಾರು 38 ಚದರ ಅಡಿ, ಹೊರಗೆ ಓಡಾಡಲು ಅದರ ಎರಡರಷ್ಟು ಜಾಗ ಬೇಕು. ಎತ್ತರದ, ನೀರು ಬಸಿದುಹೋಗುವ ಕೆಂಪು ಗರಸು ಮಣ್ಣಿನ ಜಾಗ ಒಳ್ಳೆಯದು. ಎರೆಮಣ್ಣಿನಲ್ಲಿ ಅಡಿಪಾಯ ಕೂರುತ್ತದೆ, ಮಳೆಗಾಲದಲ್ಲಿ ಗೊರಸು ಕೊಳೆಯುತ್ತದೆ. ಕೊಟ್ಟಿಗೆಯ ಉದ್ದ ಪೂರ್ವ-ಪಶ್ಚಿಮವಾಗಿ ಬರುವಂತಿದ್ದರೆ ಬಿಸಿಲಿನ ತಾಪ ಕಡಿಮೆ. ಹಳೆಯ ಮನೆಗಳ ಒಳಕೊಟ್ಟಿಗೆ ಕಂಡು ಮರುಳಾಗಬೇಡಿ. ಅದು ನಾಟಿ ಹಸುವಿಗೆ, ಕಳ್ಳರ ಭಯಕ್ಕೆ ಕಟ್ಟಿದ್ದು. ಹೆಚ್.ಎಫ್. ಮಿಶ್ರತಳಿಗೆ ಗಾಳಿಯಿಲ್ಲದ ತಗ್ಗು ಮಾಡು ನರಕವೇ ಸರಿ.

ಒಂದು ಹಸು ದಿನಕ್ಕೆ 15 ಕಿಲೋಗೆ ಕಡಿಮೆಯಿಲ್ಲದಂತೆ ಸಗಣಿ ಹಾಕುತ್ತದೆ. ತಿಪ್ಪೆ ಕುಡಿಯುವ ನೀರಿನ ಬಾವಿಗಿಂತ ತಗ್ಗಿನಲ್ಲಿ, ಪಕ್ಕದ ಮನೆಯವರಿಗೆ ಗಾಳಿ ಬೀಸದ ಕಡೆ ಇರಬೇಕು. ನಾಲ್ಕು ಹಸು ಇದ್ದರೆ 2 ಘನ ಮೀಟರಿನ ಗೋಬರ್ ಗ್ಯಾಸ್ ಘಟಕಕ್ಕೆ ಬೇಕಾದ 50 ಕಿಲೋ ಸಗಣಿ ದಿನವೂ ಸಿಗುತ್ತದೆ. ಅದಕ್ಕೂ ಸ್ಥಳ ಗುರುತಿಸಿಡಿ.

ನೆಲದೊಳಗಿನ ರೋಗ

ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಆದರೆ ಕೇಳಲೇಬೇಕು: ಇಲ್ಲಿ ಸತ್ತ ರಾಸುಗಳನ್ನು ಎಲ್ಲಿ ಹೂಳುತ್ತಿದ್ದರು? ನೆರಡಿ, ಅಂದರೆ ಅಂಥ್ರಾಕ್ಸ್ ರೋಗದ ಬೀಜಾಣುಗಳು ಮಣ್ಣಿನಲ್ಲಿ ಹತ್ತಾರು ವರ್ಷ ಬದುಕಿರುತ್ತವೆ. ಚಪ್ಪೆರೋಗವೂ ಮಣ್ಣಿನಿಂದಲೇ ಬರುವಂಥದು. ಊರಿನ ಹಿರಿಯರನ್ನು, ಪಶುಚಿಕಿತ್ಸಾಲಯದ ವೈದ್ಯರನ್ನು ವಿಚಾರಿಸಿ. ಮನೆಯ ಜೊತೆಗೆ ಹಸುಗಳನ್ನೂ ಕೊಡುತ್ತೇವೆ ಎಂದರೆ ಕಂದು ರೋಗದ ರಕ್ತ ಪರೀಕ್ಷೆ ಮಾಡಿಸದೆ ಒಪ್ಪಬೇಡಿ. ಕಂದು ಹಾಕಿದ ಹಸು ಮನುಷ್ಯರಿಗೂ ರೋಗ ಅಂಟಿಸಬಲ್ಲದು.

ದಾರಿ

ಊರ ಹೊರಗಿನ ಜಾಗಗಳಿಗೆ ಸಂಬಂಧಿಸಿ ಎಷ್ಟೋ ವ್ಯಾಜ್ಯಗಳು ಹುಟ್ಟುವುದು ದಾರಿಯಿಂದ. ನೋಡಲು ಹೋದ ದಿನ ಅಗಲವಾದ ದಾರಿಯೇ ಇರುತ್ತದೆ. ಅದು ಪಕ್ಕದ ಹೊಲದವರು ಸ್ನೇಹದಿಂದ ಬಿಟ್ಟಿದ್ದಾದರೆ, ಸ್ನೇಹ ಕೆಟ್ಟ ದಿನ ಮುಳ್ಳು ಬೀಳುತ್ತದೆ. ಹೊಸಬರಾದ ನಿಮ್ಮ ಮೇಲೆ ಅವರಿಗೆ ಹಳೆಯ ಸ್ನೇಹವೂ ಇರುವುದಿಲ್ಲ. ಗ್ರಾಮ ನಕ್ಷೆಯಲ್ಲಿ ಬಂಡಿದಾರಿ ಇದೆಯೇ ನೋಡಿ. ಕಾಲುದಾರಿ ಮಾತ್ರ ಇದ್ದರೆ ಹುಲ್ಲಿನ ಟ್ರ್ಯಾಕ್ಟರು ಬರುವುದು ಹೇಗೆ? ನಕ್ಷೆಯಲ್ಲಿ ಇಲ್ಲದಿದ್ದರೆ ದಾರಿಯ ಹಕ್ಕನ್ನು ಆ ಹೊಲದ ಮಾಲೀಕರಿಂದ ನೋಂದಾಯಿತ ಪತ್ರದಲ್ಲಿ ಬರೆಸಿಕೊಳ್ಳಬೇಕು.

ಸಂಘದ ಡೇರಿಗೆ ಎಷ್ಟು ದೂರ ಎಂಬುದನ್ನು ಕ್ಯಾನು ಹಿಡಿದು ನಡೆದೇ ನೋಡುವುದು ಉತ್ತಮ. ಕರೆದ ಹಾಲು ಹಸುವಿನ ಮೈಬಿಸಿಯಲ್ಲೇ ಇರುತ್ತದೆ. ಬಲ್ಕ್ ಕೂಲರಿನಲ್ಲಿ 4 ಡಿಗ್ರಿಗೆ ಇಳಿಯುವವರೆಗೂ ಸೂಕ್ಷ್ಮಾಣುಗಳು ಬೆಳೆಯುತ್ತಲೇ ಇರುತ್ತವೆ. ಜಾಗ ಯಾವ ಸಂಘದ ಕಾರ್ಯವ್ಯಾಪ್ತಿಗೆ ಸೇರುತ್ತದೆ ಎಂದು ಕಾರ್ಯದರ್ಶಿಯವರನ್ನು ಮೊದಲೇ ಕೇಳಿ. ಊರು ಬದಲಾದರೆ ಸದಸ್ಯತ್ವವೂ ಹೊಸದಾಗಿ ಪಡೆಯಬೇಕಾಗಬಹುದು.

ಕಾಗದ ಪತ್ರಗಳು

2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಗಿದೆ. ಕೊಳ್ಳುವವರ ಸಂಖ್ಯೆ ಹೆಚ್ಚಿದಂತೆ ಆತುರವೂ ಹೆಚ್ಚಿದೆ. "ಬೆಂಗಳೂರಿನವರು ನಾಳೆಯೇ ಬರುತ್ತಾರೆ" ಎಂದು ಮಧ್ಯವರ್ತಿ ಹೇಳಿದರೆ ಬರಲಿ ಬಿಡಿ.

ಪಹಣಿಯಲ್ಲಿ 9ನೇ ಕಾಲಂ ಮಾಲೀಕರ ಹೆಸರು, 11ನೇ ಕಾಲಂ ಸಾಲ ಮತ್ತು ಋಣ, 12ನೇ ಕಾಲಂ ಸಾಗುವಳಿ. ಇವು ಮೂರನ್ನೂ ಓದಿ. 3ನೇ ಕಾಲಂನ ಖರಾಬನ್ನು ಮರೆಯಬೇಡಿ: 'ಅ' ಖರಾಬು ಹಿಡುವಳಿದಾರರದು, 'ಬ' ಖರಾಬು ಹಳ್ಳ, ದಾರಿ ಮುಂತಾದ ಸಾರ್ವಜನಿಕ ಜಾಗ. 'ಬ' ಖರಾಬಿನ ಮೇಲೆ ಕೊಟ್ಟಿಗೆ ಕಟ್ಟಿದ್ದರೆ ಅದು ನಿಮ್ಮದಾಗುವುದಿಲ್ಲ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ 11-ಇ ನಕ್ಷೆ ಬೇಕು. ಮನೆ ಗ್ರಾಮಠಾಣಾ ಒಳಗಿದ್ದರೆ ಪಹಣಿ ಇರುವುದಿಲ್ಲ. ಪಂಚಾಯಿತಿಯ ಇ-ಸ್ವತ್ತು ನಮೂನೆ 9 ಮತ್ತು 11 ನೋಡಬೇಕು.

ಜಮೀನು ಮೂಲತಃ ಸರ್ಕಾರದಿಂದ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದದ್ದಾದರೆ 1978ರ ಪರಭಾರೆ ನಿಷೇಧ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದ್ದು ಊರ್ಜಿತವಲ್ಲ. ನಡುವೆ ನಾಲ್ಕು ಕೈ ಬದಲಾಗಿದ್ದರೂ ಮೂಲ ಕುಟುಂಬಕ್ಕೆ ಭೂಮಿ ವಾಪಸಾಗಬಹುದು. 2023ರ ತಿದ್ದುಪಡಿಯಿಂದ ಅರ್ಜಿಗೆ ಕಾಲಮಿತಿಯೂ ಇಲ್ಲ. ಬಡವರ ಭೂಮಿಯನ್ನು ಉಳಿಸಲು ಬಂದ ಕಾಯ್ದೆ ಇದು, ನ್ಯಾಯವಾದದ್ದು. ಆದುದರಿಂದ ಮೂಲ ಮಂಜೂರಾತಿ ಕಡತದವರೆಗೂ ಹೋಗಿ ನೋಡಿ.

ಉಪನೋಂದಣಾಧಿಕಾರಿಗಳ ಕಚೇರಿಯ ಋಣಭಾರ ಪತ್ರದಲ್ಲಿ ನೋಂದಾಯಿತ ವ್ಯವಹಾರ ಮಾತ್ರ ಕಾಣುತ್ತದೆ. ಬಾಯಿಮಾತಿನ ಭಾಗ, ಕೈಸಾಲದ ಬರವಣಿಗೆ ಕಾಣುವುದಿಲ್ಲ. ಪಿತ್ರಾರ್ಜಿತವಾದರೆ ವಂಶವೃಕ್ಷ ತರಿಸಿ, ಹೆಣ್ಣುಮಕ್ಕಳ ಸಹಿಯನ್ನೂ ಪಡೆಯಿರಿ. 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಹಕ್ಕು. "ನಮ್ಮಕ್ಕ ಏನೂ ಕೇಳೋಲ್ಲ ಬಿಡಿ" ಎಂಬ ಮಾತು ಸಹಿಗೆ ಬದಲಿಯಲ್ಲ. ಜನರಲ್ ಪವರ್ ಆಫ್ ಅಟಾರ್ನಿಯ ಮೇಲೆ ಮಾಡಿದ ಮಾರಾಟದಿಂದ ಒಡೆತನ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿಯೇ ಹೇಳಿದೆ. ಕೊಳವೆಬಾವಿಯ ವಿದ್ಯುತ್ ಸಂಪರ್ಕದ ಆರ್.ಆರ್. ನಂಬರ್ ಯಾರ ಹೆಸರಿನಲ್ಲಿದೆ, ಬಾಕಿ ಇದೆಯೇ ಎಂಬುದನ್ನೂ ನೋಡಿ. ವಕೀಲರಿಗೆ ಕೊಡುವ ಶುಲ್ಕವನ್ನು ಉಳಿಸಲು ಹೋಗಬೇಡಿ.

ರಾಸು ಸಾಗಿಸುವಾಗ

ಕ್ರಯಪತ್ರವಾಗಿ ಖಾತೆ ಬದಲಾದ ಮೇಲೆ ಹಸುಗಳನ್ನು ಹೊಸ ಜಾಗಕ್ಕೆ ತರುವುದಕ್ಕೂ ಒಂದು ಕ್ರಮವಿದೆ. ಕಾಲುಬಾಯಿ ಜ್ವರ, ಚರ್ಮಗಂಟು ರೋಗದ ಲಸಿಕೆ ಬಾಕಿಯಿದ್ದರೆ ಮೂರು ವಾರ ಮೊದಲೇ ಹಾಕಿಸಿ. ತುಂಬು ಗಬ್ಬದ ಹಸುವನ್ನು ಲಾರಿ ಹತ್ತಿಸಬೇಡಿ. ಕರು ಹಾಕಿ ಸುಧಾರಿಸಿಕೊಂಡ ಮೇಲೆ ತರಬಹುದು. ಕಿವಿಯೋಲೆಯ 12 ಅಂಕಿಯ ನಂಬರಿಗೆ ಹೊಸ ಊರಿನ ವಿಳಾಸ ಸೇರಿಸಲು ಪಶುವೈದ್ಯರಿಗೆ ತಿಳಿಸಿ, ವಿಮೆ ಇದ್ದರೆ ವಿಮಾ ಕಂಪನಿಗೂ ಬರೆದು ತಿಳಿಸಿ. ಹಳೆಯ ಬಣವೆಯ ಹುಲ್ಲನ್ನು ಒಂದು ಗಾಡಿಯಷ್ಟಾದರೂ ಜೊತೆಗೆ ತಂದು, ಹೊಸ ಮೇವಿನೊಂದಿಗೆ ಬೆರೆಸುತ್ತಾ ಎರಡು ವಾರದಲ್ಲಿ ಬದಲಾಯಿಸಿ. ಮೊದಲ ಕೆಲವು ದಿನ ಹಾಲು ಇಳಿಯುತ್ತದೆ. ಗಾಬರಿಯಾಗಿ ಹಿಂಡಿ ಹೆಚ್ಚಿಸಬೇಡಿ. ದಿನವೂ ಕರೆಯುತ್ತಿದ್ದವರೇ ಕರೆಯಲಿ, ಹೊತ್ತು ತಪ್ಪದಿರಲಿ. ಹಸು ಹೊಸ ಗೊಂತಿಗೆ ಹೊಂದಿಕೊಂಡ ಮೇಲೆ ಹಾಲು ತಾನಾಗಿ ಏರುತ್ತದೆ.