ಖೋಡದದ ಹೊಲಗಳಲ್ಲಿ ಆದಿಕಾಲದ ಜಲಜನಕಕ್ಕೆ ಬಲೆ

ಮಹಾರಾಷ್ಟ್ರದ ಅಷ್ಟವಿನಾಯಕ ಯಾತ್ರೆಯವರು ರಾಂಜಣಗಾಂವದ ಮಹಾಗಣಪತಿಗೆ ಕೈಮುಗಿದು ಓಝರಿನ ವಿಘ್ನೇಶ್ವರನತ್ತ ಗಾಡಿ ತಿರುಗಿಸುತ್ತಾರೆ. ಆ ಕಡೆ ಹೋಗುವವರು ನಾರಾಯಣಗಾಂವದಲ್ಲಿ ಪೂರ್ವಕ್ಕೆ ಹೊರಳಿದರೆ ಖೋಡದ ಸಿಗುತ್ತದೆ. ದ್ರಾಕ್ಷಿ ತೋಟ, ಈರುಳ್ಳಿ ಹೊಲಗಳ ಆಚೆ ಜಿಎಂಆರ್‌ಟಿ ರೇಡಿಯೊ ದೂರದರ್ಶಕದ ಡಿಶ್‌ಗಳು ತಲೆಯೆತ್ತಿ ನಿಂತಿವೆ.

ಒಳಗೆ ಹೋಗುವ ಮುನ್ನ ಮೊಬೈಲ್ ಆಫ್ ಮಾಡಬೇಕು. ಸೈಲೆಂಟ್ ಸಾಲದು, ನಮ್ಮ ಜೇಬಿನ ಫೋನೇ ಇಲ್ಲಿನ ದೊಡ್ಡ ಗದ್ದಲ.

ಒಟ್ಟು 30 ಡಿಶ್, ಒಂದೊಂದರ ಅಡ್ಡಗಲ 45 ಮೀಟರ್. ಹದಿನಾಲ್ಕು ಇಲ್ಲೇ ಒತ್ತಾಗಿವೆ. ಉಳಿದವು ಮೂರು ಕವಲಾಗಿ ಸುಮಾರು 25 ಕಿ.ಮೀ. ಹರಡಿವೆ. ಅಡಿಯಲ್ಲಿ ನಿಂತು ಕತ್ತೆತ್ತಿದರೆ ಆಕಾಶ ಆರಪಾರ ಕಾಣುತ್ತದೆ! ತಗಡಿನ ಹಾಳೆಯಿಲ್ಲ, ಬಿಗಿದ ಉಕ್ಕಿನ ಹಗ್ಗಗಳಿಗೆ ಕಟ್ಟಿದ ತೆಳುತಂತಿಯ ಜಾಲರಿ ಅಷ್ಟೇ. ಅಲೆಗಳು ಉದ್ದವಾದ್ದರಿಂದ ಸೆಂಟಿಮೀಟರ್ ಅಳತೆಯ ಕಿಂಡಿಗಳಲ್ಲಿ ಅವು ನುಸುಳಿಹೋಗುವುದಿಲ್ಲ, ಗಾಳಿ ಮಾತ್ರ ಸಲೀಸಾಗಿ ದಾಟುತ್ತದೆ. ಭಾರವೂ ಕಡಿಮೆ, ಖರ್ಚೂ ಕಡಿಮೆ. ಇದನ್ನು ರೂಪಿಸಿದ ಖಗೋಳವಿಜ್ಞಾನಿ ಗೋವಿಂದ ಸ್ವರೂಪರ ಈ ಜಾಣತನಕ್ಕೆ ನಾನಂತೂ ಮರುಳಾದೆ.

ಈ ಡಿಶ್‌ಗಳು ಬಲೆ ಬೀಸಿದ ಅಲೆಗಳಲ್ಲಿ ಜಲಜನಕದ್ದೂ ಒಂದು. ಅದು ಹೊಮ್ಮಿಸುವ 21 ಸೆಂ.ಮೀ. ಅಲೆ ವಿಶ್ವ ಹಿಗ್ಗಿದಂತೆ ತಾನೂ ಹಿಗ್ಗಿ, 1420 ಮೆಗಾಹರ್ಟ್ಸ್‌ನಿಂದ ಕೆಳಗಿಳಿಯುತ್ತದೆ. ಮೊದಲ ನಕ್ಷತ್ರಗಳು ಸುತ್ತಲಿನ ಜಲಜನಕವನ್ನು ಒಡೆಯುತ್ತಿದ್ದ ಕಾಲದ ಅಲೆ 150ರ ಆಸುಪಾಸಿಗೆ ಬಂದಿರುತ್ತದೆ. ಅದನ್ನು ಇಲ್ಲಿ ಹುಡುಕಿದ್ದಾರೆ. 2013ರಲ್ಲಿ ಸಿಕ್ಕಿದ್ದು ಸಂಕೇತವಲ್ಲ, ಅದು ಇಂತಿಷ್ಟಕ್ಕಿಂತ ಬಲವಾಗಿರಲಾರದು ಎಂಬ ಮಿತಿ. ನಮ್ಮ ಆಕಾಶಗಂಗೆಯ ಸದ್ದೇ ಅದಕ್ಕಿಂತ ಸಾವಿರಾರು ಪಟ್ಟು ಜೋರು.

ನಕ್ಷತ್ರಗಳೇ ಇಲ್ಲದಿದ್ದ ಕಾಲದ ಅಲೆ 50 ಮೆಗಾಹರ್ಟ್ಸ್‌ಗೂ ಕೆಳಗೆ. ಅದು ಖೋಡದದ ಕೈಗೆ ಎಟುಕದು. ಭೂಮಿಯ ಅಯಾನುಗೋಳವೂ ಅಲ್ಲಿ ಅಡ್ಡಗಾಲು. ನಕ್ಷತ್ರಗಳು ಹುಟ್ಟಿದ ಹೊಸತರ ಸುದ್ದಿಗೆ ನಮ್ಮ ನಾಡಿಗೇ ಬರಬೇಕು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ 2020ರಲ್ಲಿ ತನ್ನ ಸರಸ್-3 ಆಂಟೆನಾವನ್ನು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟಿತು. ನೆಲದ ಪದರಗಳು ತರುವ ಏರುಪೇರು ನೀರಿನ ಮೇಲೆ ಇರುವುದಿಲ್ಲ. ಅಮೆರಿಕದ ತಂಡವೊಂದು 2018ರಲ್ಲಿ 78 ಮೆಗಾಹರ್ಟ್ಸ್‌ನಲ್ಲಿ ಕಂಡೆವೆಂದಿದ್ದ ಸಂಕೇತ ಆದಿವಿಶ್ವದ್ದಲ್ಲವೆಂದು ಸರಸ್-3 ತಂಡ 2022ರಲ್ಲಿ ಶೇ 95.3ರ ಖಚಿತತೆಯಿಂದ ಹೇಳಿತು. ಚಂದ್ರನ ಮರೆಯಲ್ಲಿ ಆಲಿಸುವ 'ಪ್ರತುಷ್' ಯೋಜನೆಯೂ ಇದೇ ಸಂಸ್ಥೆಯದು.

ಖೋಡದ ನೋಡಬೇಕೆಂದರೆ ಫೆಬ್ರುವರಿ 28ರ ವಿಜ್ಞಾನ ದಿನದ ಹೊತ್ತಿಗೆ ಹೋಗಿ, ಆಗ ಪ್ರದರ್ಶನ ಇರುತ್ತದೆ. ಬೇರೆ ದಿನ ಮೊದಲೇ ಅನುಮತಿ ಪಡೆದಿರಿ.