ಗೊವೊನ್: ಗೆದ್ದೂ ಗೆದ್ದೆ ಎನ್ನದ ದಂಡನಾಯಕ

ಯುದ್ಧ ಗೆದ್ದ ಸೈನ್ಯ ಪದಕ ಹಂಚುವುದು ಲೋಕರೂಢಿ. ವಿಜಯದ ಮೆರವಣಿಗೆ, ಸೋತವರ ವಿಚಾರಣೆ, ಆಮೇಲೆ ನೇಣು ಅಥವಾ ಗುಂಡು. ನೈಜೀರಿಯಾದ ಸೈನ್ಯ ಮೂವತ್ತು ತಿಂಗಳ ಅಂತರ್ಯುದ್ಧ ಗೆದ್ದಾಗ ಇದ್ಯಾವುದೂ ನಡೆಯಲಿಲ್ಲ. 1970ರ ಜನವರಿ 15ರಂದು, ದೇಶದಿಂದ ಬೇರೆಯಾಗಲು ಹೋರಾಡಿದ್ದ ಬಿಯಾಫ್ರಾದ ಸೇನಾಧಿಕಾರಿಗಳು ಲಾಗೋಸಿನ ದೊಡಾನ್ ಬ್ಯಾರಕ್ಸಿಗೆ ಬಂದು ಶರಣಾಗತಿ ಒಪ್ಪಿಸಿದರು. ಅದನ್ನು ಸ್ವೀಕರಿಸಿದ ರಾಷ್ಟ್ರದ ಮುಖ್ಯಸ್ಥನಿಗೆ ಆಗ 35 ವರ್ಷ. ಈ ಯುದ್ಧದಲ್ಲಿ ಗೆದ್ದವರೂ ಇಲ್ಲ, ಸೋತವರೂ ಇಲ್ಲ ಎಂದು ಆತ ಸಾರಿದರು. ಅಣ್ಣತಮ್ಮಂದಿರ ಕಾಳಗಕ್ಕೆ ಪದಕ ಬೇಡ ಎಂದು ನಿರ್ಧರಿಸಿದರು. ದೇಶದ್ರೋಹದ ಹೆಸರಿನಲ್ಲಿ ಯಾರನ್ನೂ ಗಲ್ಲಿಗೇರಿಸಲಿಲ್ಲ.

ಇಪ್ಪತ್ತನೆಯ ಶತಮಾನದ ಅಂತರ್ಯುದ್ಧಗಳ ಕೊನೆಯ ಪುಟಗಳನ್ನು ಓದಿದವರಿಗೆ ಇದು ಎಷ್ಟು ಅಪರೂಪ ಎಂದು ಬಿಡಿಸಿ ಹೇಳಬೇಕಿಲ್ಲ. ಯಾಕುಬು ಗೊವೊನ್ ಅವರನ್ನು ನಾನು ಗೌರವಿಸುವುದು ಇದೇ ಕಾರಣಕ್ಕೆ. ಆದರೆ ಅವರ ಬಾಳನ್ನು ಹತ್ತಿರದಿಂದ ನೋಡಿದಾಗ ಮನಸ್ಸಿಗೆ ಕಷ್ಟವಾಗುವ ಇನ್ನೊಂದು ಸಂಗತಿಯೂ ಕಾಣುತ್ತದೆ. ವೈರಿಯನ್ನು ಕ್ಷಮಿಸಿದ ಅದೇ ಮೆದು ಮನಸ್ಸು ತನ್ನವರ ಅಪರಾಧವನ್ನೂ ಕೇಳದೆ ಬಿಟ್ಟಿತು.

ನೈಜೀರಿಯಾವನ್ನು ಬ್ರಿಟಿಷರು ಒಟ್ಟುಗೂಡಿಸಿದ್ದು ತಮ್ಮ ಆಡಳಿತದ ಅನುಕೂಲಕ್ಕೆ. ಉತ್ತರದಲ್ಲಿ ಹೌಸಾ–ಫುಲಾನಿ ಮುಸ್ಲಿಮರು, ಪಶ್ಚಿಮದಲ್ಲಿ ಯೊರುಬಾ ಜನ, ಪೂರ್ವದಲ್ಲಿ ಇಗ್ಬೊಗಳು. 1960ರಲ್ಲಿ ಸ್ವಾತಂತ್ರ್ಯ ಬಂದಾಗ ರಾಜಕೀಯವೆಲ್ಲ ಈ ಮೂರು ದೊಡ್ಡ ಗುಂಪುಗಳ ನಡುವಿನ ಹಗ್ಗಜಗ್ಗಾಟ. ಗೊವೊನ್ ಈ ಮೂರರಲ್ಲಿ ಯಾವುದಕ್ಕೂ ಸೇರಿದವರಲ್ಲ. 1934ರ ಅಕ್ಟೋಬರ್ 19ರಂದು ಅವರು ಹುಟ್ಟಿದ್ದು ಮಧ್ಯ ನೈಜೀರಿಯಾದ ಪ್ರಸ್ಥಭೂಮಿಯ ಅಂಗಾಸ್ ಎಂಬ ಸಣ್ಣ ಬುಡಕಟ್ಟಿನಲ್ಲಿ. ತಂದೆ ಕ್ರೈಸ್ತ ಧರ್ಮಪ್ರಚಾರಕ. ಸಂಸಾರ ಉತ್ತರದ ಮುಸ್ಲಿಂ ನಗರ ಜಾರಿಯಾದ ಪಕ್ಕದ ವುಸಾಸಾಕ್ಕೆ ಬಂದು ನೆಲೆಸಿತು. ಹುಡುಗ ಹೌಸಾ ಮಾತಾಡುತ್ತ, ಚರ್ಚಿಗೆ ಹೋಗುತ್ತ ಬೆಳೆದ. 1954ರಲ್ಲಿ ಸೈನ್ಯ ಸೇರಿ ಬ್ರಿಟನ್ನಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದ ಗೊವೊನ್, ಮುಂದೆ ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ಕಾಂಗೋಗೆ ಹೋಗಿ ಬಂದರು. ಉತ್ತರದವರಾದರೂ ಮುಸ್ಲಿಮರಲ್ಲ, ಕ್ರೈಸ್ತರಾದರೂ ದಕ್ಷಿಣದವರಲ್ಲ. ಯಾವ ದೊಡ್ಡ ಗುಂಪಿಗೂ ತೀರ ಪರಕೀಯನಲ್ಲದ ಈ ಸ್ಥಿತಿಯೇ ಮುಂದೆ ಅವರನ್ನು ಅಧಿಕಾರಕ್ಕೆ ತಂದಿತು.

1966ರ ಜನವರಿ 15ರ ನಸುಕಿನಲ್ಲಿ ಕೆಲವು ಮೇಜರ್‌ಗಳು ದಂಗೆಯೆದ್ದರು. ಪ್ರಧಾನಿ ಅಬೂಬಕರ್ ತಫಾವಾ ಬಲೇವಾ, ಉತ್ತರದ ಮುಖ್ಯಮಂತ್ರಿ ಅಹಮದು ಬೆಲ್ಲೊ, ಪಶ್ಚಿಮದ ಮುಖ್ಯಮಂತ್ರಿ ಅಕಿಂತೊಲಾ ಕೊಲೆಯಾದರು. ದಂಗೆಕೋರರಲ್ಲಿ ಹೆಚ್ಚಿನವರು ಇಗ್ಬೊಗಳು, ಸತ್ತ ಹಿರಿಯ ಸೇನಾಧಿಕಾರಿಗಳಲ್ಲಿ ಬಹುಪಾಲು ಉತ್ತರದವರು. ಬ್ರಿಟನ್ನಿನಲ್ಲಿ ಒಂದು ತರಬೇತಿ ಮುಗಿಸಿ ಗೊವೊನ್ ಆಗಷ್ಟೇ ಊರಿಗೆ ಮರಳಿದ್ದರು. ದಂಗೆಯನ್ನು ಹತ್ತಿಕ್ಕಿ ಅಧಿಕಾರ ಹಿಡಿದ ಜನರಲ್ ಅಗುಯಿ ಇರೊನ್ಸಿ, ಸ್ವತಃ ಇಗ್ಬೊ, ಅವರನ್ನು ಸೇನಾ ಸಿಬ್ಬಂದಿಯ ಮುಖ್ಯಸ್ಥರನ್ನಾಗಿ ಮಾಡಿದರು. ಆದರೆ ಇರೊನ್ಸಿ ಕೊಲೆಗಡುಕರನ್ನು ವಿಚಾರಣೆಗೆ ಗುರಿಪಡಿಸಲಿಲ್ಲ, ಮೇ ತಿಂಗಳಲ್ಲಿ ಒಕ್ಕೂಟ ವ್ಯವಸ್ಥೆಯನ್ನೇ ರದ್ದುಮಾಡುವ ಆಜ್ಞೆ ಹೊರಡಿಸಿದರು. ಉತ್ತರ ಹೊತ್ತಿ ಉರಿಯಿತು. ಜುಲೈ 29ರಂದು ಉತ್ತರದ ಸೈನಿಕರ ಪ್ರತಿದಂಗೆ. ಇಬಾದಾನ್‌ನಲ್ಲಿ ಇರೊನ್ಸಿಯನ್ನೂ, ಅವರಿಗೆ ಆತಿಥ್ಯ ನೀಡಿದ್ದ ಗವರ್ನರ್ ಫಜುಯಿಯನ್ನೂ ಎಳೆದೊಯ್ದು ಕೊಂದರು.

ಆಗ ಗೊವೊನ್‌ಗಿಂತ ಹಿರಿಯರು ಇರಲಿಲ್ಲವೆಂದಲ್ಲ. ಬ್ರಿಗೇಡಿಯರ್ ಒಗುಂಡಿಪೆ ಇದ್ದರು. ಆದರೆ ಉತ್ತರದ ಒಬ್ಬ ಸಾರ್ಜೆಂಟ್ ಅವರ ಆಜ್ಞೆ ಪಾಲಿಸಲು ಮುಖದ ಮೇಲೆಯೇ ನಿರಾಕರಿಸಿದ. ಸಾರ್ಜೆಂಟೇ ತನ್ನ ಮಾತು ಕೇಳದಿರುವಾಗ ಬ್ರಿಗೇಡಿಯರ್ ದೇಶ ಆಳುವುದುಂಟೇ? ಅವರು ಲಂಡನ್ನಿಗೆ ರಾಯಭಾರಿಯಾಗಿ ಹೊರಟುಹೋದರು. ಆಗಸ್ಟ್ 1ರಂದು 31ರ ಹರೆಯದ ಲೆಫ್ಟಿನೆಂಟ್ ಕರ್ನಲ್ ಗೊವೊನ್ ಆಫ್ರಿಕಾದ ಅತಿ ಹೆಚ್ಚು ಜನಸಂಖ್ಯೆಯ ದೇಶದ ಮುಖ್ಯಸ್ಥರಾದರು. ಪೂರ್ವದ ಗವರ್ನರ್ ಒಡುಮೆಗ್ವು ಒಜುಕ್ವು ಇದನ್ನು ಒಪ್ಪಲಿಲ್ಲ. ಕೋಟ್ಯಧಿಪತಿಯ ಮಗ, ಆಕ್ಸ್‌ಫರ್ಡ್‌ನಲ್ಲಿ ಓದಿದವರು, ಮಾತಿನಲ್ಲಿ ಚತುರರು. ಹಿರಿಯ ಅಧಿಕಾರಿ ಬದುಕಿರುವಾಗ ಕಿರಿಯನಿಗೆ ಪಟ್ಟವೇಕೆ ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು.

ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಉತ್ತರದ ನಗರಗಳಲ್ಲಿ ಇಗ್ಬೊಗಳ ಹತ್ಯಾಕಾಂಡ ನಡೆಯಿತು. ಸಾವಿರಾರು ಜನ ಸತ್ತರು, ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಸಿಕ್ಕ ರೈಲು ಹಿಡಿದು ಪೂರ್ವಕ್ಕೆ ಓಡಿದರು. ಬಿಯಾಫ್ರಾ ನಿಜವಾಗಿ ಹುಟ್ಟಿದ್ದು ಆ ರೈಲುಗಳಲ್ಲೇ ಎಂದು ನನ್ನ ನಂಬಿಕೆ. ತಮ್ಮ ಜೀವಕ್ಕೆ ಕಾವಲಿಲ್ಲದ ದೇಶದಲ್ಲಿ ಯಾಕಿರಬೇಕು ಎಂದು ಅವರು ಕೇಳಿದ್ದಕ್ಕೆ ಲಾಗೋಸಿನಲ್ಲಿ ಉತ್ತರವಿರಲಿಲ್ಲ. 1967ರ ಜನವರಿಯಲ್ಲಿ ಘಾನಾದ ಅಬುರಿಯಲ್ಲಿ ಇಬ್ಬರೂ ಮುಖಾಮುಖಿ ಕೂತರು. ಒಜುಕ್ವು ಕಾಗದಪತ್ರ ಸಿದ್ಧಮಾಡಿಕೊಂಡು ಬಂದಿದ್ದರೆ, ಗೊವೊನ್ ಹಳೆಯ ಒಡನಾಡಿಗಳ ಜೊತೆ ಕೂತು ಮಾತಾಡಿದರೆ ಎಲ್ಲ ಸರಿಹೋದೀತು ಎಂಬ ವಿಶ್ವಾಸದಲ್ಲಿ ಬಂದಿದ್ದರು. ಪ್ರಾಂತಗಳಿಗೆ ಸಡಿಲ ಸ್ವಾಯತ್ತತೆ ಕೊಡಲು ಒಪ್ಪಿಕೊಂಡೂ ಬಿಟ್ಟರು. ಲಾಗೋಸಿಗೆ ಮರಳಿದ ಮೇಲೆ ಹಿರಿಯ ಅಧಿಕಾರಿಗಳು, ಹೀಗಾದರೆ ದೇಶವೇ ಉಳಿಯುವುದಿಲ್ಲ ಎಂದಾಗ ಹಿಂದೆ ಸರಿದರು. ಕೊಟ್ಟ ಮಾತು ಮುರಿದರು ಎಂಬ ಇಗ್ಬೊಗಳ ಆರೋಪದಲ್ಲಿ ಹುರುಳಿದೆ.

ಮೇ 27ರಂದು ಗೊವೊನ್ ನಾಲ್ಕು ಪ್ರಾಂತಗಳನ್ನು ಒಡೆದು 12 ರಾಜ್ಯಗಳನ್ನು ಮಾಡಿದರು. ಅವರ ಇಡೀ ರಾಜಕೀಯ ಜೀವನದಲ್ಲಿ ಇದಕ್ಕಿಂತ ಜಾಣತನದ, ಇದಕ್ಕಿಂತ ನಿಷ್ಠುರವಾದ ಇನ್ನೊಂದು ನಡೆ ನನಗೆ ಕಾಣುವುದಿಲ್ಲ. ಪೂರ್ವ ಪ್ರಾಂತ ಮೂರು ಹೋಳಾಯಿತು. ಎಣ್ಣೆಬಾವಿಗಳ ಬಹುಭಾಗವೂ ಸಮುದ್ರ ತೀರವೂ ಅಲ್ಲಿನ ಸಣ್ಣ ಸಮುದಾಯಗಳ ರಾಜ್ಯಗಳ ಪಾಲಾದವು, ಇಗ್ಬೊಗಳಿಗೆ ಉಳಿದದ್ದು ನಡುವಿನ ಒಳನಾಡು. ಇಗ್ಬೊಗಳ ನೆರಳಿನಲ್ಲಿ ಉಸಿರುಗಟ್ಟಿದ್ದ ಇಜಾ, ಎಫಿಕ್ ಜನಕ್ಕೆ ಒಂದೇ ದಿನದಲ್ಲಿ ಸ್ವಂತ ರಾಜ್ಯ ಸಿಕ್ಕಿತು. ಸಣ್ಣ ಬುಡಕಟ್ಟಿನಲ್ಲಿ ಹುಟ್ಟಿದವರಿಗೇ ತಿಳಿಯುವ ನೋವು ಅದು. ಮೂರು ದಿನದ ನಂತರ ಒಜುಕ್ವು ಬಿಯಾಫ್ರಾ ಗಣರಾಜ್ಯ ಘೋಷಿಸಿದರು. ಜುಲೈ 6ಕ್ಕೆ ಯುದ್ಧ ಶುರುವಾಯಿತು.

ಅಕ್ಟೋಬರ್ ಹೊತ್ತಿಗೆ ಬಿಯಾಫ್ರಾದ ರಾಜಧಾನಿ ಎನುಗು ಬಿತ್ತು, ಮರುವರ್ಷ ಪೋರ್ಟ್ ಹಾರ್ಕೋರ್ಟ್. ಬ್ರಿಟನ್ ಮತ್ತು ಸೋವಿಯತ್ ಒಕ್ಕೂಟ ಎರಡೂ ಲಾಗೋಸಿಗೆ ಶಸ್ತ್ರಾಸ್ತ್ರ ಕೊಟ್ಟವು, ಫ್ರಾನ್ಸ್ ಬಿಯಾಫ್ರಾದ ಬೆನ್ನಿಗೆ ನಿಂತಿತು. ಗೊವೊನ್ ತಮ್ಮ ಸೈನಿಕರಿಗೆ ನಡತೆಯ ನಿಯಮಗಳನ್ನು ಬರೆಸಿ ಹಂಚಿದ್ದರು: ಹೆಂಗಸರು, ಮಕ್ಕಳನ್ನು ಮುಟ್ಟಬಾರದು, ಶರಣಾದವರನ್ನು ಕೊಲ್ಲಬಾರದು. ಮುಂದೆ ವಿದೇಶಿ ವೀಕ್ಷಕರನ್ನೂ ರಣರಂಗಕ್ಕೆ ಬಿಟ್ಟುಕೊಂಡರು. ನಿಯಮ ಕಾಗದದಲ್ಲಿತ್ತು. ನೈಜರ್ ನದಿ ದಂಡೆಯ ಆಸಾಬಾ ಪಟ್ಟಣದಲ್ಲಿ 1967ರ ಅಕ್ಟೋಬರ್‌ನಲ್ಲಿ ಜನ ಬಿಳಿ ಬಟ್ಟೆಯುಟ್ಟು, ಒಂದೇ ನೈಜೀರಿಯಾ ಎಂದು ಕೂಗುತ್ತ ಒಕ್ಕೂಟದ ಸೈನ್ಯವನ್ನು ಸ್ವಾಗತಿಸಲು ಮೆರವಣಿಗೆ ಬಂದರು. ಸೈನಿಕರು ಗಂಡಸರನ್ನೂ ಹುಡುಗರನ್ನೂ ಬೇರ್ಪಡಿಸಿ ನೂರಾರು ಮಂದಿಯನ್ನು ಗುಂಡಿಕ್ಕಿದರು. ಆ ಡಿವಿಷನ್‌ನ ದಂಡನಾಯಕ ಮುರ್ತಾಲಾ ಮೊಹಮ್ಮದ್. ಅವರ ಮೇಲೆ ಯಾವ ಕ್ರಮವೂ ಆಗಲಿಲ್ಲ. ಬಹಳ ವರ್ಷಗಳ ನಂತರ ಗೊವೊನ್ ಆಸಾಬಾದ ಜನರ ಕ್ಷಮೆ ಕೇಳಿದರು. ಕೇಳಿದ್ದು ಒಳ್ಳೆಯದೇ. ಆದರೆ ಅಧಿಕಾರ ಕೈಯಲ್ಲಿದ್ದಾಗ ಅವರು ಮಾಡಬೇಕಿದ್ದ ಕೆಲಸ ಬೇರೆಯದು.

ಇನ್ನು ಹಸಿವು. ಸಮುದ್ರದ ದಾರಿ ಮುಚ್ಚಿ, ಗಡಿ ಮುಚ್ಚಿ ಬಿಯಾಫ್ರಾವನ್ನು ಸುತ್ತುಗಟ್ಟಿದ ಮೇಲೆ ಒಳಗಿದ್ದ ಮಕ್ಕಳ ಹೊಟ್ಟೆ ಉಬ್ಬಿತು, ಕೂದಲು ಕೆಂಚಾಯಿತು. ಪ್ರೋಟೀನ್ ಕೊರತೆಯ ಕ್ವಾಶಿಯೋರ್ಕರ್ ಎಂಬ ರೋಗದ ಹೆಸರು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದದ್ದು ಆಗ. ಭೂಮಾರ್ಗದಲ್ಲಿ ಆಹಾರ ಕಳಿಸುತ್ತೇವೆ ಎಂದಿತು ಲಾಗೋಸ್, ಅದರಲ್ಲಿ ವಿಷ ಬೆರೆಸಿಯಾರು ಎಂದರು ಒಜುಕ್ವು. ಕತ್ತಲಲ್ಲಿ ಚರ್ಚ್ ಸಂಸ್ಥೆಗಳ ವಿಮಾನಗಳು ಉಲಿ ಎಂಬಲ್ಲಿ, ಹೆದ್ದಾರಿಯನ್ನೇ ಅಗಲಿಸಿ ಮಾಡಿದ ಪಟ್ಟಿಯ ಮೇಲೆ ಇಳಿಯುತ್ತಿದ್ದವು. 1969ರ ಜೂನ್ 5ರಂದು ರೆಡ್‌ಕ್ರಾಸ್‌ನ ಒಂದು ವಿಮಾನವನ್ನು ನೈಜೀರಿಯಾದ ವಾಯುಪಡೆ ಹೊಡೆದುರುಳಿಸಿತು. ಯುದ್ಧದಲ್ಲಿ ಸತ್ತವರ ಅಂದಾಜು ಐದು ಲಕ್ಷದಿಂದ ಮೂವತ್ತು ಲಕ್ಷದವರೆಗೆ ಹೋಗುತ್ತದೆ, ಹೆಚ್ಚಿನವರು ಸತ್ತದ್ದು ಗುಂಡಿನಿಂದಲ್ಲ, ಅನ್ನವಿಲ್ಲದೆ. ಕಾದಂಬರಿಗಳ ಮೂಲಕ ಕನ್ನಡದ ಓದುಗರಿಗೂ ಪರಿಚಿತರಾದ ಚಿನುವಾ ಅಚಿಬೆ ಆಗ ಬಿಯಾಫ್ರಾದ ಪರವಾಗಿ ದೇಶದೇಶ ಸುತ್ತುತ್ತಿದ್ದರು. ಸಂಧಾನಕ್ಕೆ ಓಡಾಡಿದ ಸಾಹಿತಿ ವೊಲೆ ಸೊಯಿಂಕಾ ಅವರನ್ನು ಗೊವೊನ್ ಸರ್ಕಾರ ಎರಡು ವರ್ಷಕ್ಕೆ ಹತ್ತಿರ ಸೆರೆಯಲ್ಲಿಟ್ಟಿತು, ಬಹುಕಾಲ ಒಂಟಿ ಕೋಣೆಯಲ್ಲಿ. ದಿಗ್ಬಂಧನದ ಈ ಲೆಕ್ಕವನ್ನು ಗೊವೊನ್ ಅವರ ಒಳ್ಳೆಯತನದ ಯಾವ ಕತೆಯೂ ಅಳಿಸಲಾರದು.

1970ರ ಜನವರಿಯಲ್ಲಿ ಒಜುಕ್ವು ವಿಮಾನವೇರಿ ಐವರಿ ಕೋಸ್ಟ್‌ಗೆ ಹೋದರು. ಅವರ ನಂತರ ಬಿಯಾಫ್ರಾದ ಹೊಣೆ ಹೊತ್ತ ಫಿಲಿಪ್ ಎಫಿಯಾಂಗ್ ರೇಡಿಯೊದಲ್ಲಿ ಸೋಲು ಒಪ್ಪಿಕೊಂಡರು. ಇಗ್ಬೊಗಳ ಸಾಮೂಹಿಕ ಕಗ್ಗೊಲೆ ನಡೆದೇ ನಡೆಯುತ್ತದೆ ಎಂದು ಜಗತ್ತು ಉಸಿರು ಬಿಗಿಹಿಡಿದಿತ್ತು. ಅದು ನಡೆಯಲಿಲ್ಲ. ಬಿಟ್ಟುಹೋಗಿದ್ದ ಇಗ್ಬೊ ನೌಕರರಲ್ಲಿ ಅನೇಕರನ್ನು ಕೇಂದ್ರ ಸರ್ಕಾರ ಮತ್ತೆ ಕೆಲಸಕ್ಕೆ ತೆಗೆದುಕೊಂಡಿತು. ಉತ್ತರದ ಊರುಗಳಿಗೆ ಅಂಜುತ್ತಲೇ ಮರಳಿದ ಎಷ್ಟೋ ಜನಕ್ಕೆ ಆಶ್ಚರ್ಯ ಕಾದಿತ್ತು: ಅವರ ಮನೆಗಳನ್ನು ಅಲ್ಲಿನ ಆಡಳಿತ ಕಾಪಾಡಿತ್ತು, ಅಷ್ಟು ವರ್ಷದ ಬಾಡಿಗೆಯನ್ನು ಕೂಡಿಟ್ಟು ಕೈಗೆ ಕೊಟ್ಟಿತು. ಹತ್ಯಾಕಾಂಡ ನಡೆದದ್ದೂ ಅದೇ ಊರುಗಳಲ್ಲಿ ಎಂಬುದನ್ನು ನೆನೆದರೆ ಮನುಷ್ಯರ ಬಗ್ಗೆ ಏನು ಹೇಳುವುದೋ ತೋಚುವುದಿಲ್ಲ.

ಪೋರ್ಟ್ ಹಾರ್ಕೋರ್ಟ್‌ನಲ್ಲಿ ಹೀಗಾಗಲಿಲ್ಲ. ಅಲ್ಲಿನ ಇಗ್ಬೊ ಮನೆಗಳನ್ನು ವಾರಸುದಾರರು ಬಿಟ್ಟುಹೋದ ಆಸ್ತಿ ಎಂದು ಕರೆದು ಹೊಸ ರಾಜ್ಯದವರು ಇಟ್ಟುಕೊಂಡರು. ಬ್ಯಾಂಕುಗಳಲ್ಲಿ ಆದದ್ದು ಇನ್ನೂ ಕಠೋರ. ಬಿಯಾಫ್ರಾ ನಾಣ್ಯದಲ್ಲಿ ವ್ಯವಹರಿಸಿದ ಖಾತೆದಾರರಿಗೆ, ಖಾತೆಯಲ್ಲಿ ಎಷ್ಟೇ ಹಣವಿದ್ದರೂ, ತಲಾ 20 ಪೌಂಡ್ ಮಾತ್ರ. ಈ ನೀತಿ ಹಣಕಾಸು ಹೊಣೆ ಹೊತ್ತಿದ್ದ ಒಬಾಫೆಮಿ ಅವೊಲೊವೊ ಅವರ ಕಾಲದ್ದು, ಒಪ್ಪಿಗೆ ಗೊವೊನ್ ಸರ್ಕಾರದ್ದು. 1972ರಲ್ಲಿ ವಿದೇಶಿ ಕಂಪನಿಗಳ ಷೇರುಗಳನ್ನು ನೈಜೀರಿಯನ್ನರಿಗೆ ಮಾರುವ ಕಾನೂನು ಬಂದಾಗ, 20 ಪೌಂಡ್‌ನಿಂದ ಬದುಕು ಶುರುಮಾಡಿದವರ ಕೈಯಲ್ಲಿ ಕೊಳ್ಳಲು ಏನಿತ್ತು? ಬಿಯಾಫ್ರಾಕ್ಕೆ ನೆರವಾದ ಸಂಸ್ಥೆಗಳ ಆಹಾರವನ್ನು ಯುದ್ಧ ಮುಗಿದ ಮೇಲೂ ಗೊವೊನ್ ಒಳಗೆ ಬಿಡಲಿಲ್ಲ. ಭಾಷಣದಲ್ಲಿ ಸೋತವರಿಲ್ಲ ಎಂದಿದ್ದರು. ಬ್ಯಾಂಕಿನ ಸಾಲಿನಲ್ಲಿ ನಿಂತವರಿಗೆ ತಾವು ಸೋತವರೆಂದು ಚೆನ್ನಾಗಿ ಗೊತ್ತಾಯಿತು.

ಮುಂದಿನ ಐದು ವರ್ಷ ಎಣ್ಣೆಯ ದುಡ್ಡಿನ ಹೊಳೆ. ನೈರಾ ಎಂಬ ಹೊಸ ನಾಣ್ಯ ಬಂತು. ಒಂದು ಜನಾಂಗದ ಹುಡುಗರು ಇನ್ನೊಂದು ಜನಾಂಗದ ಊರಿನಲ್ಲಿ ಒಂದು ವರ್ಷ ದುಡಿಯಬೇಕೆನ್ನುವ ಯುವಜನ ಸೇವಾ ಯೋಜನೆ 1973ರಲ್ಲಿ ಶುರುವಾಯಿತು. ಪದವೀಧರರು ಇಂದಿಗೂ ಅದಕ್ಕೆ ಹೋಗುತ್ತಾರೆ. 1975ರ ಮೇನಲ್ಲಿ ಪಶ್ಚಿಮ ಆಫ್ರಿಕಾ ದೇಶಗಳ ಆರ್ಥಿಕ ಸಮುದಾಯ ಲಾಗೋಸಿನಲ್ಲೇ ಹುಟ್ಟಿತು. ಜೊತೆಜೊತೆಗೇ ಲಂಚ ಬೆಳೆಯಿತು. ರಾಜ್ಯಗಳ ಸೇನಾ ಗವರ್ನರುಗಳ ಮೇಲೆ ದೂರು ಮೇಲೆ ದೂರು ಬಂದರೂ ಗೊವೊನ್ ಅವರನ್ನು ಕದಲಿಸಲಿಲ್ಲ. ವರ್ಷಕ್ಕೆ ಹತ್ತು ಲಕ್ಷ ಟನ್ ಇಳಿಸಬಲ್ಲ ಬಂದರಿಗೆ ಅವರ ಸರ್ಕಾರ ಸುಮಾರು 2 ಕೋಟಿ ಟನ್ ಸಿಮೆಂಟ್ ತರಿಸಿತು. ಲಾಗೋಸಿನ ಸಮುದ್ರದಲ್ಲಿ ನಾನೂರಕ್ಕೂ ಹೆಚ್ಚು ಹಡಗುಗಳು ತಿಂಗಳುಗಟ್ಟಲೆ ಸಾಲುಗಟ್ಟಿದವು. 1976ಕ್ಕೆ ಅಧಿಕಾರವನ್ನು ಜನರಿಗೆ ಒಪ್ಪಿಸುತ್ತೇನೆ ಎಂದಿದ್ದವರು 1974ರ ಅಕ್ಟೋಬರ್ 1ರಂದು ಅದು ಆಗದ ಮಾತು ಎಂದುಬಿಟ್ಟರು. ಯುದ್ಧ ಗಳಿಸಿಕೊಟ್ಟ ಗೌರವವನ್ನು ಅವರು ಕಳೆದುಕೊಂಡದ್ದು ಆ ದಿನ.

1975ರ ಜುಲೈನಲ್ಲಿ ಆಫ್ರಿಕಾ ದೇಶಗಳ ಸಮ್ಮೇಳನಕ್ಕೆ ಕಂಪಾಲಾಕ್ಕೆ ಹೊರಡುವ ಮುನ್ನವೇ ದಂಗೆಯ ಸುಳಿವು ಸಿಕ್ಕಿತ್ತು. ತಮ್ಮದೇ ಸೀಮೆಯ, ತಾವೇ ಬೆಳೆಸಿದ ಕಾವಲುಪಡೆಯ ದಂಡನಾಯಕ ಜೋಸೆಫ್ ಗಾರ್ಬಾರನ್ನು ಕರೆದು ಕೇಳಿದರು, ಮಾಡುವುದೇ ಆದರೆ ರಕ್ತ ಹರಿಯದಿರಲಿ ಎಂದರು, ವಿಮಾನ ಹತ್ತಿದರು. ಜುಲೈ 29ರಂದು ರೇಡಿಯೊದಲ್ಲಿ ಅವರ ಪದಚ್ಯುತಿಯನ್ನು ಓದಿದ್ದು ಅದೇ ಗಾರ್ಬಾ. ಪಟ್ಟವೇರಿದ್ದು ಆಸಾಬಾದ ಮುರ್ತಾಲಾ ಮೊಹಮ್ಮದ್. ಒಂದು ಹನಿ ರಕ್ತವೂ ಬೀಳಲಿಲ್ಲ. ಗೊವೊನ್ ಕಂಪಾಲಾದಲ್ಲಿ ಹೊಸ ಸರ್ಕಾರಕ್ಕೆ ನಿಷ್ಠೆ ವ್ಯಕ್ತಪಡಿಸಿ, ಮುಂದೆ ಬ್ರಿಟನ್ನಿಗೆ ಹೋಗಿ ವಾರ್ವಿಕ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರದ ವಿದ್ಯಾರ್ಥಿಯಾದರು. ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ಹುಡುಗರ ಜೊತೆ ಸಾಲಿನಲ್ಲಿ ನಿಲ್ಲುತ್ತಿದ್ದರು. 1976ರಲ್ಲಿ ಮುರ್ತಾಲಾ ಕೊಲೆಯಾದಾಗ ಸಂಚಿನಲ್ಲಿ ಪಾಲಿದೆಯೆಂದು ಗೊವೊನ್ ಅವರ ಸೇನಾ ಪದವಿಯನ್ನೂ ಕಿತ್ತುಕೊಂಡರು. ಅವರು ಆ ಆರೋಪವನ್ನು ನಿರಾಕರಿಸುತ್ತಲೇ ಬಂದರು. ಅಧ್ಯಕ್ಷ ಶೆಹು ಶಗಾರಿ 1981ರಲ್ಲಿ ಗೊವೊನ್‌ಗೆ, 1982ರಲ್ಲಿ ಒಜುಕ್ವುಗೆ ಕ್ಷಮೆ ನೀಡಿದರು.

ಮರಳಿ ಬಂದ ಮೇಲೆ ಅವರು ಕೈಗೆತ್ತಿಕೊಂಡ ಕೆಲಸಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ನಾರುಹುಣ್ಣಿನ ನಿರ್ಮೂಲನೆ. ಕೆರೆಕುಂಟೆಯ ನೀರಿನಿಂದ ಒಳಹೊಕ್ಕು ಕಾಲಿನಿಂದ ನೂಲಿನಂತೆ ಹೊರಬರುವ ಈ ಹುಳುವನ್ನು ಉತ್ತರ ಕರ್ನಾಟಕದ ಮೆಟ್ಟಿಲುಬಾವಿಗಳ ಊರುಗಳ ಹಿರಿಯರು ಬಲ್ಲರು. 1980ರ ದಶಕದ ಕೊನೆಗೆ ನೈಜೀರಿಯಾದಲ್ಲಿ ಆರು ಲಕ್ಷಕ್ಕೂ ಹೆಚ್ಚು ರೋಗಿಗಳಿದ್ದರು, ಜಗತ್ತಿನಲ್ಲೇ ಅತಿ ಹೆಚ್ಚು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಸಂಸ್ಥೆಯ ಜೊತೆ ಸೇರಿ ಗೊವೊನ್ ಹಳ್ಳಿಹಳ್ಳಿ ತಿರುಗಿದರು. ನೀರು ಸೋಸಿ ಕುಡಿಯಿರಿ ಎಂದು ಜನರಿಗೆ ಹೇಳಿದರು, ಕೊಳವೆಬಾವಿ ಕೊರೆಸಿ ಎಂದು ಗವರ್ನರುಗಳ ಬೆನ್ನು ಬಿದ್ದರು. ದೇಶದ ಕೊನೆಯ ರೋಗಿ ಪತ್ತೆಯಾದದ್ದು 2008ರಲ್ಲಿ, ಹಿಂದೆ ಬಿಯಾಫ್ರಾದ ರಾಜಧಾನಿಯಾಗಿದ್ದ ಎನುಗು ಸೀಮೆಯ ಒಂದು ಹಳ್ಳಿಯಲ್ಲಿ. ಐದು ವರ್ಷದ ನಂತರ ವಿಶ್ವ ಆರೋಗ್ಯ ಸಂಸ್ಥೆ ನೈಜೀರಿಯಾವನ್ನು ನಾರುಹುಣ್ಣು ಮುಕ್ತ ಎಂದು ಪ್ರಮಾಣೀಕರಿಸಿತು.